ಹಳೆಯ ಮೋಟಾರಿನ ದೂರ ಪ್ರಯಾಣ

1909ನೆಯ ಜೂನ್ 1ರಂದು ಅಮೆರಿಕದ ನ್ಯೂಯಾರ್ಕಿನಿಂದ ಕೆಲವು ಮೋಟಾರು ಕಾರುಗಳು ಪಶ್ಚಿಮ ತೀರದ ಸಿಯಾಟಲ್ ನಗರದತ್ತ ಪಂದ್ಯ ಹೂಡಿ ಹೊರಟವು. ಇಪ್ಪತ್ತೆರಡು ದಿನಗಳ ಬಳಿಕ ಮೊದಲು ಗುರಿ ಮುಟ್ಟಿದುದು ಫೋರ್ಡ್ ಕಂಪನಿಯ ‘ಟಿ’ ಮಾದರಿಯ ಹಗುರವಾದ ಕಾರು. ಆದರೆ ದಾರಿಯಲ್ಲಿ ಅದರ ಎಂಜಿನನ್ನೇ ಬದಲಾಯಿಸಿದ್ದರೆಂದು ಅನಂತರ ತಿಳಿದುಬಂದು, ಬಹುಮಾನವು ಬೇರೊಂದು ಕಾರಿನ ಪಾಲಾಯಿತು. ದೂರ ಪ್ರಯಾಣವು ಯಂತ್ರದ ದೌರ್ಬಲ್ಯವನ್ನು ಬಯಲಿಗೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

1908ರಿಂದ 1927ರವರೆಗೆ ಈ ಮಾದರಿಯ ಸುಮಾರು ಒಂದೂವರೆ ಕೋಟಿ ಕಾರುಗಳು ತಯಾರಾದವು. ಅವುಗಳಲ್ಲಿ ಸಾವಿರಾರು ಇಂದಿಗೂ ಓಡುತ್ತಿವೆ. ಅದರ ಎಂಜಿನ್ನಿನ ಬಲ ಕೇವಲ 20 ಅಶ್ವಶಕ್ತಿ. ಇಂಥದೊಂದು ಕಾರನ್ನು ಕೆಲವು ನೂರು ಕಿಲೋಮೀಟರುಗಳ ಪ್ರಯಾಣಕ್ಕೆ ಅಣಿಗೊಳಿಸಬೇಕಾದರೆ ಏನೇನು ನೋಡಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುವುದೆಂದರೆ ಭೌತಶಾಸ್ತ್ರದ ಕೆಲವು ಪಾಠಗಳನ್ನು ಪುನಃ ಓದಿದಂತೆಯೇ ಸರಿ.

ಮೊದಲು ನೀರಿನ ವಿಚಾರ. ಈ ಮಾದರಿಯ ಬಹುತೇಕ ಕಾರುಗಳಲ್ಲಿ ನೀರನ್ನು ಸುತ್ತಿಸುವ ಪಂಪೇ ಇಲ್ಲ. ಎಂಜಿನ್ನಿನಲ್ಲಿ ಕಾದ ನೀರು ಹಿಗ್ಗಿ ಹಗುರವಾಗಿ ಮೇಲೇರುತ್ತದೆ. ಮೇಲಿನ ಕೊಳವೆಯ ಮೂಲಕ ರೇಡಿಯೇಟರನ್ನು ಸೇರಿ, ಅಲ್ಲಿ ತಣಿದು ಭಾರವಾಗಿ ಕೆಳಗಿಳಿಯುತ್ತದೆ. ಉಷ್ಣವೇ ಇಲ್ಲಿ ಪಂಪಿನ ಕೆಲಸ ಮಾಡುತ್ತದೆ. ಆದರೆ ನೀರಿನ ಮಟ್ಟ ಮೇಲಿನ ಕೊಳವೆಗಿಂತ ಕೆಳಗಿಳಿದರೆ ಈ ಸುತ್ತಾಟ ನಿಂತುಹೋಗುತ್ತದೆ. ಗಡಸು ನೀರಿನಿಂದ ಕಟ್ಟಿಕೊಂಡ ಸುಣ್ಣದ ಪದರವೂ ಉಷ್ಣವನ್ನು ತಡೆಯುತ್ತದೆ. ಆದುದರಿಂದ ಹೊರಡುವ ಮುನ್ನ ರೇಡಿಯೇಟರನ್ನು ಚೆನ್ನಾಗಿ ತೊಳೆದು, ಮೆದು ನೀರನ್ನು ತುಂಬಬೇಕು. ದಾರಿಯಲ್ಲಿ ಆಗಾಗ ಮಟ್ಟವನ್ನು ನೋಡುತ್ತಿರಬೇಕು.

ಎಣ್ಣೆಗೂ ಪಂಪಿಲ್ಲ. ತಿರುಗುವ ಭಾರಚಕ್ರವು ಎಣ್ಣೆಯನ್ನು ಚಿಮ್ಮಿಸುತ್ತದೆ. ಅದರಲ್ಲಿ ಕೊಂಚ ಭಾಗ ಒಂದು ಸಣ್ಣ ಆಲಿಕೆಗೆ ಬಿದ್ದು, ಕೊಳವೆಯ ಮೂಲಕ ಎಂಜಿನ್ನಿನ ಮುಂಭಾಗಕ್ಕೆ ಹರಿಯುತ್ತದೆ. ಉದ್ದನೆಯ ಏರನ್ನು ಹತ್ತುವಾಗ ಮುಂಭಾಗ ಮೇಲೆದ್ದು ಈ ಹರಿವು ಕುಗ್ಗುತ್ತದೆ. ಮುಂದಿನ ಬೇರಿಂಗು ಒಣಗಿ ಸವೆಯುವ ಭಯವಿದೆ. ಆದುದರಿಂದ ಕೊಳವೆಯಲ್ಲಿ ಕಸ ಕಟ್ಟಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಎಣ್ಣೆಯ ಮಟ್ಟವನ್ನು ತಿಳಿಯಲು ಇರುವ ಎರಡು ನಲ್ಲಿಗಳ ನಡುವೆ, ಮೇಲಿನದಕ್ಕೆ ಸಮೀಪದಲ್ಲಿ ಅದನ್ನು ಇಡಬೇಕು.

ಪೆಟ್ರೋಲು ಸಹ ತನ್ನ ಭಾರದಿಂದಲೇ ಹರಿಯುತ್ತದೆ. ಬಹುತೇಕ ಕಾರುಗಳಲ್ಲಿ ಟ್ಯಾಂಕು ಆಸನದ ಕೆಳಗಿದೆ. ಟ್ಯಾಂಕಿನಲ್ಲಿ ಪೆಟ್ರೋಲು ಕಡಮೆಯಿದ್ದಾಗ ಕಡಿದಾದ ಏರು ಬಂದರೆ ಕಾರ್ಬುರೇಟರಿಗೆ ಅದು ತಲಪುವುದಿಲ್ಲ. ಹಿಂದಿನ ಚಾಲಕರು ಇಂಥ ಏರುಗಳನ್ನು ಹಿಮ್ಮುಖವಾಗಿ ಹತ್ತುತ್ತಿದ್ದುದಕ್ಕೆ ಇದೇ ಕಾರಣ. ಟ್ಯಾಂಕಿನ ಮುಚ್ಚಳದಲ್ಲಿರುವ ಸಣ್ಣ ರಂಧ್ರವನ್ನೂ ಮರೆಯಬಾರದು. ಅದು ಮುಚ್ಚಿಹೋದರೆ ಒಳಗೆ ಗಾಳಿಯ ಒತ್ತಡ ಇಳಿದು, ಟ್ಯಾಂಕು ತುಂಬಿದ್ದರೂ ಹರಿವು ನಿಲ್ಲುತ್ತದೆ.

ಈಗಿನ ಪೆಟ್ರೋಲಿನಲ್ಲಿ ಮದ್ಯಸಾರ ಬೆರೆತಿರುತ್ತದೆ. ಭಾರತದಲ್ಲಿ ಅದರ ಪ್ರಮಾಣ ಶೇಕಡ 20ರವರೆಗೂ ಇದೆ. ಬಡಗಿಗಳು ಪಾಲಿಷಿಗಾಗಿ ಅರಗಿನ ಚಕ್ಕೆಗಳನ್ನು ಸ್ಪಿರಿಟ್ಟಿನಲ್ಲಿ ಕರಗಿಸುವುದನ್ನು ವಾಚಕರು ಕಂಡಿರಬಹುದು. ಹಳೆಯ ಕೆಲವು ಕಾರ್ಬುರೇಟರುಗಳ ಬೆಂಡಿನ ತೇಲುಬಿಲ್ಲೆಗೆ ಬಳಿದಿರುವುದೂ ಇದೇ ಅರಗು. ಮದ್ಯಸಾರದಲ್ಲಿ ಅದು ಕರಗಿದರೆ ಬೆಂಡು ಪೆಟ್ರೋಲನ್ನು ಹೀರಿ ಭಾರವಾಗುತ್ತದೆ, ತೇಲದು. ಕವಾಟ ಮುಚ್ಚದೆ ಪೆಟ್ರೋಲು ತುಂಬಿ ಹೊರಚೆಲ್ಲುತ್ತದೆ. ಬಿಸಿ ಎಂಜಿನ್ನಿನ ಪಕ್ಕದಲ್ಲಿ ಇದು ಬೆಂಕಿಗೆ ಕೊಟ್ಟ ಆಹ್ವಾನ. ಬೆಂಡಿನ ಬದಲು ಹಿತ್ತಾಳೆಯ ತೇಲುಬಿಲ್ಲೆಯನ್ನು ಅಳವಡಿಸುವುದು ಲೇಸು.

ಗಾಲಿಗಳ ಕಡ್ಡಿಗಳು ಮರದವು. ಬೇಸಗೆಯಲ್ಲಿ ಎತ್ತಿನ ಗಾಡಿಯ ಗಾಲಿ ಸಡಿಲವಾಗುವಂತೆ ಇವೂ ಒಣಗಿ ಕುಗ್ಗುತ್ತವೆ. ಪ್ರತಿಯೊಂದನ್ನೂ ಕೈಯಿಂದ ಅಲುಗಾಡಿಸಿ ನೋಡಬೇಕು. ಟೈರನ್ನು ಗಾಲಿಯ ಅಂಚಿನಲ್ಲಿ ಹಿಡಿದಿಡುವುದು ಒಳಗಿನ ಗಾಳಿಯ ಒತ್ತಡವೇ ಆದುದರಿಂದ, ಅದು ಚದರಂಗುಲಕ್ಕೆ 55ರಿಂದ 60 ಪೌಂಡಿನಷ್ಟಿರಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಬ್ರೇಕು. ಪ್ರಯಾಣಿಕರೂ ಸೇರಿ 900 ಕಿಲೋಗ್ರಾಂ ತೂಗುವ ಕಾರು 700 ಮೀಟರ್ ಎತ್ತರದ ಘಟ್ಟವನ್ನು ಇಳಿಯುತ್ತದೆನ್ನೋಣ. ಆಗ ಬಿಡುಗಡೆಯಾಗುವ ಶಕ್ತಿಯೆಲ್ಲ ಉಷ್ಣವಾದರೆ, 20 ಡಿಗ್ರಿಯ ಸುಮಾರು 18 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು! ಇಷ್ಟನ್ನೂ ಬ್ರೇಕಿನ ತೆಳುಪಟ್ಟಿಯ ಮೇಲೆ ಹೇರಿದರೆ ಅದು ಸುಟ್ಟುಹೋಗುತ್ತದೆ. ಆದುದರಿಂದ ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಎಂಜಿನ್ನಿನ ತಡೆಯಿಂದಲೇ ವೇಗವನ್ನು ಹಿಡಿದಿಡಬೇಕು.

ಆದರೆ ಇಲ್ಲೊಂದು ಅಡಗಿದ ಅಪಾಯವಿದೆ. ಕಾಲಿನಿಂದ ಒತ್ತುವ ಬ್ರೇಕು ಹಿಡಿಯುವುದು ಗಾಲಿಯನ್ನಲ್ಲ, ಗೇರುಪೆಟ್ಟಿಗೆಯೊಳಗಿನ ಉರುಳೆಯನ್ನು. ಅದರ ಹಿಡಿತ ಹಿಂದಿನ ಅಚ್ಚಿನ ಹಲ್ಲುಚಕ್ರಗಳ ಮೂಲಕವೇ ಗಾಲಿಯನ್ನು ಮುಟ್ಟಬೇಕು. ಆ ಚಕ್ರಗಳನ್ನು ಸ್ಥಾನದಲ್ಲಿ ನಿಲ್ಲಿಸುವ ಬಿಲ್ಲೆಗಳನ್ನು ಮೆದುವಾದ ಮಿಶ್ರಲೋಹದಿಂದ ಮಾಡಿದ್ದರು. ದಶಕಗಳ ಬಳಿಕ ಅವು ಪುಡಿಯಾದರೆ ಹಲ್ಲುಗಳು ಒಂದನ್ನೊಂದು ಬಿಟ್ಟು, ಬ್ರೇಕೂ ಇಲ್ಲ, ಎಂಜಿನ್ನಿನ ತಡೆಯೂ ಇಲ್ಲ ಎಂಬ ಸ್ಥಿತಿ ಒದಗುತ್ತದೆ. ಉಳಿಯುವುದು ಕೈಸನ್ನೆಯ ದುರ್ಬಲ ಬ್ರೇಕೊಂದೇ. ಹೊರಗಿನಿಂದ ಈ ದೋಷ ಕಾಣದು. ಅಚ್ಚನ್ನು ಬಿಚ್ಚಿ, ಕಂಚಿನ ಬಿಲ್ಲೆಗಳನ್ನು ಹಾಕಿದ ಹೊರತು ಘಟ್ಟದ ಮಾತನ್ನೇ ಎತ್ತಬಾರದು. ಗಾಲಿಗಳನ್ನೇ ನೇರವಾಗಿ ಹಿಡಿಯುವ ಹೆಚ್ಚುವರಿ ಬ್ರೇಕನ್ನು ಜೋಡಿಸಿದರೆ ಮತ್ತೂ ಕ್ಷೇಮ.

ಇಷ್ಟೆಲ್ಲ ಆದ ಮೇಲೆ ಐವತ್ತು ಕಿಲೋಮೀಟರ್ ಓಡಿಸಿ ನೋಡಬೇಕು. ನಿಂತೊಡನೆ ಗಾಲಿಗಳ ಗುಂಬವನ್ನು ಮುಟ್ಟಿದರೆ, ಯಾವುದು ಉಳಿದವಕ್ಕಿಂತ ಬಿಸಿಯಾಗಿದೆಯೋ ಅಲ್ಲಿ ಘರ್ಷಣೆ ಹೆಚ್ಚಿದೆಯೆಂದು ತಿಳಿಯುತ್ತದೆ. ಸಡಿಲಾದ ತಿರುಪುಗಳನ್ನು ಬಿಗಿದು ಇನ್ನೊಮ್ಮೆ ಪರೀಕ್ಷಿಸಬೇಕು. ಹೊಸ ಕಾರಿನಲ್ಲಿ ದೋಷವನ್ನು ಸೂಚಿಸಲು ದೀಪ ಬೆಳಗುತ್ತದೆ. ಹಳೆಯದರಲ್ಲಿ ಆ ಕೆಲಸವನ್ನು ಚಾಲಕನ ಕಣ್ಣು, ಕಿವಿ, ಕೈಗಳೇ ಮಾಡಬೇಕು.