ಹಿಂದಕ್ಕೆ ಹೇರಿದರೆ ಟ್ರ್ಯಾಕ್ಟರ್‌ಗೆ ಹಗುರವೇ?

ಸಂಕ್ರಾಂತಿ ಹೊತ್ತಿನ ಕೆಂಗಲ್ ಅಯ್ಯನಗುಡಿ ದನಗಳ ಜಾತ್ರೆಗೆ ಹುಲ್ಲು, ಹಿಂಡಿ ಮೂಟೆ ಹೇರಿಕೊಂಡು ಟ್ರ್ಯಾಕ್ಟರ್‌ಗಳು ಬರುತ್ತವೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್ 1ರಿಂದ ಅವಕ್ಕೆ ಪ್ರವೇಶವಿಲ್ಲ. ಹಾಗಾಗಿ ಬಸ್ಸು, ಬೈಕುಗಳ ನಡುವೆ ಹಳೇ ರಸ್ತೆಯೇ ಗತಿ. ಟ್ರೈಲರ್ ತುಂಬುವಾಗ ಒಬ್ಬರಾದರೂ ಅನ್ನುತ್ತಾರೆ: “ಹಿಂದಕ್ಕೆ ಹಾಕ್ಲಾ, ಎಂಜಿನ್‌ಗೆ ಹಗುರ ಆಯ್ತದೆ.”

ಆಗುವುದಿಲ್ಲ. ಎಳೆಯಬೇಕಾದ ತೂಕ ಅಷ್ಟೇ ಇರುತ್ತದೆ, ಬದಲಾಗುವುದು ಕೊಂಡಿಯ ಮೇಲಿನ ಭಾರ. ಎರಡು ಚಕ್ರದ ಟ್ರೈಲರ್ ಅಚ್ಚಿನ ಮೇಲೆ ತಕ್ಕಡಿಯಂತೆ ತೂಗುತ್ತದೆ. ಕೊಂಡಿಯಿಂದ ಅಚ್ಚಿಗೆ 3 ಮೀಟರ್ ಎಂದುಕೊಳ್ಳಿ. ಅಚ್ಚಿನಿಂದ 1 ಮೀಟರ್ ಹಿಂದಿದ್ದ 300 ಕೆ.ಜಿ. ಮೂಟೆಗಳನ್ನು ಅಚ್ಚಿಗಿಂತ 1 ಮೀಟರ್ ಮುಂದೆ ತಂದಿಟ್ಟರೆ ಕೊಂಡಿಯ ಮೇಲೆ 200 ಕೆ.ಜಿ. ಹೆಚ್ಚುತ್ತದೆ.

ಹಿಂಭಾರವಾದರೆ ಕೊಂಡಿ ಟ್ರ್ಯಾಕ್ಟರ್‌ನ ಹಿಂಬದಿಯನ್ನು ಎತ್ತಲು ನೋಡುತ್ತದೆ. ನಮ್ಮ ಸಾಮಾನ್ಯ ಟ್ರ್ಯಾಕ್ಟರ್‌ನ ಎಳೆತವೂ ಬ್ರೇಕೂ ಇರುವುದು ಆ ಹಿಂದಿನ ದೊಡ್ಡ ಗಾಲಿಗಳಲ್ಲೇ. ಎಷ್ಟೋ ಟ್ರೈಲರ್‌ಗಳಿಗಂತೂ ಬ್ರೇಕೇ ಇಲ್ಲ. ಅಂದರೆ ಹಗುರವಾದದ್ದು ಎಂಜಿನ್ ಅಲ್ಲ, ಬ್ರೇಕಿನ ಹಿಡಿತ. ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನೊಗ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿದ ತಕ್ಷಣ ಗಾಡಿ ನಿಲ್ಲಿಸಿ ಮೂಟೆ ಸರಿಸುತ್ತಿದ್ದರು.

ಹಾಗಂತ ಎಲ್ಲವನ್ನೂ ಮುಂದಕ್ಕೇ ಒಟ್ಟಿದರೂ ಕೆಟ್ಟದ್ದೇ. ಮುಂದಿನ ಗಾಲಿ ಹಗುರಾಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ, ಏರಿನಲ್ಲಿ ಮೂತಿ ಮೇಲೇಳುತ್ತದೆ.

ಕಾರಿನ ಹಿಂದೆ ಕ್ಯಾಂಪರ್ ಕಟ್ಟಿಕೊಂಡು ತಿರುಗುವ ಅಮೆರಿಕದಲ್ಲಿ ಒಟ್ಟು ತೂಕದ ಶೇ. 10ರಿಂದ 15 ಕೊಂಡಿಯ ಮೇಲಿರಲಿ ಎನ್ನುತ್ತಾರೆ, 1,000 ಕೆ.ಜಿ.ಗೆ 100ರಿಂದ 150. ಯುರೋಪಿನಲ್ಲಿ ಇದಕ್ಕಿಂತ ಕಡಿಮೆ. ಮುಂದೊಂದು ಹಿಂದೊಂದು ಭಾರ ಇಟ್ಟು ಲೆಕ್ಕ ಸರಿದೂಗಿಸಿದರೂ ಸಾಲದು. ತುದಿಗಳಲ್ಲಿ ತೂಕವಿದ್ದರೆ ಒಮ್ಮೆ ಶುರುವಾದ ಓಲಾಟ ಬೇಗ ನಿಲ್ಲುವುದಿಲ್ಲ. ಭಾರದ ಸಾಮಾನು ತಳದಲ್ಲಿ, ಅಚ್ಚಿನ ಹತ್ತಿರವೇ ಇರಬೇಕು. ಟ್ರೈಲರ್ ಬಾಲ ಬೀಸಿದಾಗ ವೇಗ ಹೆಚ್ಚಿಸಿದರೆ ನೆಟ್ಟಗಾಗುತ್ತದೆ ಎಂಬ ಇನ್ನೊಂದು ನಂಬಿಕೆಯಿದೆ. ಅದು ಜೀವ ತೆಗೆಯುವಂಥದ್ದು. ವೇಗ ಹೆಚ್ಚಿದಷ್ಟೂ ಓಲಾಟ ಹೆಚ್ಚು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟೀರಿಂಗ್ ನೆಟ್ಟಗೆ ಹಿಡಿದು ವೇಗ ತಾನಾಗಿ ಇಳಿಯಲು ಬಿಡಬೇಕು.

ನಾಲ್ಕು ಚಕ್ರದ ಟ್ರೈಲರ್‌ಗೆ ಈ ಲೆಕ್ಕ ಬೇರೆ, ಅಲ್ಲಿ ಮುಂಭಾರವನ್ನು ಅದರದೇ ಮುಂದಿನ ಗಾಲಿಗಳು ಹೊರುತ್ತವೆ. ಎರಡು ಚಕ್ರದ್ದಾದರೆ ಇಳಿಸುವಾಗಲೂ ಎಚ್ಚರ ಬೇಕು. ಮುಂದಿನ ಮೂಟೆ ಮೊದಲು ಇಳಿಸಿದರೆ ಉಳಿದದ್ದೆಲ್ಲ ಹಿಂಭಾರ. ಆಗ ಕೊಂಡಿಯ ಪಿನ್ ಎಳೆದರೆ ಮೂಕಿ ಚಿಮ್ಮಿ, ಬಗ್ಗಿ ನಿಂತವನ ಮುಖಕ್ಕೇ ಬಡಿದೀತು.