ಎಲ್ಲರಿಗೂ ಒದಗುವ ಕಾಲುದಾರಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಇವು ಕಲ್ಲುಬಂಡೆಗಳ ಸೀಮೆಯ ಊರುಗಳು. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಭೂವಿಜ್ಞಾನಿಗಳು ಇಲ್ಲಿನ ಬಂಡೆಯನ್ನು ಅದೇ ಹೆಸರಿನಿಂದ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆದರು. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಇಂಥ ಗಟ್ಟಿ ಕಲ್ಲನ್ನು ಒಡೆದು ಮಾಡಿದ ಜಲ್ಲಿಯೇ ಕಾಂಕ್ರೀಟಿಗೆ ಮೈಕಟ್ಟು. ಆದರೆ ಕಾಲುದಾರಿ ಗಟ್ಟಿಯಾಗಿದ್ದರಷ್ಟೇ ಸಾಕೆ? ಗಾಲಿಕುರ್ಚಿಯಲ್ಲಿ ಕಾಲೇಜಿಗೆ ಹೋಗುವವರಿಗೂ, ಕೋಲೂರಿ ನಡೆಯುವ ಅಜ್ಜಿಗೂ, ಕಣ್ಣು ಕಾಣದವರಿಗೂ ಅದು ದಾರಿಯಾಗಬೇಡವೆ?

ಮೊದಲು ಗಟ್ಟಿತನದ ಮಾತು. ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆಂಬ ನಂಬಿಕೆ ಸರಿಯಲ್ಲ. ಸಿಮೆಂಟು ನೀರಿನೊಡನೆ ರಾಸಾಯನಿಕ ಕ್ರಿಯೆ ನಡೆಸಿ ಗಟ್ಟಿಯಾಗುತ್ತದೆ. ಆದ್ದರಿಂದಲೇ ಕಾಂಕ್ರೀಟು ಹಾಕಿದ ಮೇಲೆ ಕನಿಷ್ಠ 7 ದಿನ ಅದನ್ನು ತೇವವಾಗಿಡಬೇಕು. ಇದೇ ಕ್ಯೂರಿಂಗ್. ಕಲಸುವಾಗ ನೀರು ಹೆಚ್ಚಾದರೆ, ಮಿಕ್ಕ ನೀರು ಆವಿಯಾಗಿ ಒಳಗೆ ಸಣ್ಣ ರಂಧ್ರಗಳು ಉಳಿದು ಶಕ್ತಿ ಕುಂದುತ್ತದೆ. ಕಾಂಕ್ರೀಟು ಬಿಸಿಲಿಗೆ ಹಿಗ್ಗಿ, ತಂಪಿಗೆ ಕುಗ್ಗುತ್ತದೆ. ಅಲ್ಲಲ್ಲಿ ಸಂದು ಬಿಡದಿದ್ದರೆ ಅದು ಮನಬಂದಲ್ಲಿ ಬಿರುಕು ಬಿಡುತ್ತದೆ. ಆ ಬಿರುಕು ಬಾಯ್ದೆರೆದಾಗ ಗಾಲಿಯೂ ಕೋಲೂ ಸಿಕ್ಕಿಕೊಳ್ಳುತ್ತವೆ. ಮೇಲ್ಮೈ ನುಣುಪಾಗಿರಬಾರದು. ಹಸಿಯಿದ್ದಾಗಲೇ ಪೊರಕೆ ಎಳೆದು ತರಿಯಾಗಿಸಿದರೆ ಮಳೆಯಲ್ಲಿ ಕಾಲು ಜಾರುವುದಿಲ್ಲ.

ಇನ್ನು ಅಳತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯ ಪ್ರಕಾರ ಕಾಲುದಾರಿಯಲ್ಲಿ ಕಂಬ, ಗಿಡ, ಅಂಗಡಿ ಸಾಮಾನುಗಳ ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರು ಇರಬೇಕು. ಎತ್ತರ 150 ಮಿಲಿಮೀಟರು ಮೀರಬಾರದು. ಗಾಲಿಕುರ್ಚಿ ಏರುವ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಅಂದರೆ 150 ಮಿಲಿಮೀಟರು ಎತ್ತರಕ್ಕೆ ಅದರ 12 ಪಟ್ಟು, ಎಂದರೆ 1.8 ಮೀಟರು ಉದ್ದದ ಇಳಿಜಾರು ಬೇಕು. ಅರ್ಧ ಮೀಟರಿನಲ್ಲಿ ಮುಗಿಸಿದ ಇಳಿಜಾರು ನೋಡಲು ಇಳಿಜಾರೇ. ಏರಹೋದರೆ ಕುರ್ಚಿ ಹಿಂದಕ್ಕೆ ಮಗುಚೀತು.

ಕಣ್ಣು ಕಾಣದವರಿಗೆ ಉಬ್ಬುಗೆರೆಯ ಹಾಸುಬಿಲ್ಲೆಗಳಿವೆ. ಜಪಾನಿನ ಸೈಚಿ ಮಿಯಾಕೆ 1965ರಲ್ಲಿ ಇಂಥ ಬಿಲ್ಲೆಯನ್ನು ರೂಪಿಸಿದರು. 1967ರಲ್ಲಿ ಒಕಾಯಾಮಾ ನಗರದಲ್ಲಿ ಅದನ್ನು ಮೊದಲು ಹಾಸಲಾಯಿತು. ಉದ್ದ ಗೆರೆಯಿದ್ದರೆ ‘ಮುಂದೆ ನಡೆಯಿರಿ’, ಗುಂಡು ಗುಬ್ಬಿಗಳಿದ್ದರೆ ‘ನಿಲ್ಲಿ, ಎಚ್ಚರ’ ಎಂದರ್ಥ.

ಕಾಲುದಾರಿ ಸರಪಳಿಯಿದ್ದಂತೆ. ನೂರು ಮೀಟರು ಚೆನ್ನಾಗಿದ್ದು, ಕೊನೆಯಲ್ಲೊಂದು ಮೆಟ್ಟಿಲು ಉಳಿದರೆ ಗಾಲಿಕುರ್ಚಿಯವರ ಪಾಲಿಗೆ ದಾರಿ ಅಲ್ಲಿಗೇ ಮುಗಿಯಿತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಇಂಥ ಅಡೆತಡೆಯಿಲ್ಲದ ಓಡಾಟವನ್ನು ಹಕ್ಕಿನ ಮಾತಾಗಿಸಿದೆ. ನಿಮ್ಮ ಶಾಲಾ ಕಾಲೇಜಿನ ಬಾಗಿಲಿನಿಂದ ಬಸ್ ನಿಲ್ದಾಣದವರೆಗೆ ಟೇಪು ಹಿಡಿದು ಅಳೆಯಿರಿ. ದಾರಿ ಎಲ್ಲೆಲ್ಲಿ ತುಂಡಾಗಿದೆಯೆಂದು ಬರೆದು ನಗರಸಭೆಗೋ ಪುರಸಭೆಗೋ ಒಪ್ಪಿಸಿ. ಅಂಕಿಗಳಿರುವ ಮನವಿಯನ್ನು ತಳ್ಳಿಹಾಕುವುದು ಸುಲಭವಲ್ಲ.