ಭೂಮಿಗೂ ಇದೆ ಹೊಟ್ಟೆ!

ದಿನವಿಡೀ ಕುರ್ಚಿಗೆ ಅಂಟಿಕೊಂಡು ಕೆಲಸ ಮಾಡೋ ನಮಗೆ ಹೊಟ್ಟೆ ಬರೋದು ಹೊಸದೇನಲ್ಲ. ಆದರೆ ಒಂದು ಕ್ಷಣವೂ ಕೂರದ ಭೂಮಿಗೂ ಹೊಟ್ಟೆ ಇದೆ. ಅದೂ ತಿರುಗಿ ತಿರುಗಿಯೇ ಬಂದದ್ದು!

ಲಂಗ ತೊಟ್ಟ ಪುಟ್ಟಿ ಗಿರಗಿರ ತಿರುಗಿದರೆ ಲಂಗ ಹೊರಕ್ಕೆ ಅರಳುತ್ತದಲ್ಲ, ಹಾಗೇ ಭೂಮಿ ಸಮಭಾಜಕದ ಸುತ್ತ ಉಬ್ಬಿದೆ. ಅಲ್ಲಿ ವ್ಯಾಸ 12,756 ಕಿ.ಮೀ., ಧ್ರುವದಿಂದ ಧ್ರುವಕ್ಕೆ 12,714 ಕಿ.ಮೀ. ಶಾಲೆಯಲ್ಲಿದ್ದ 30 ಸೆಂ.ಮೀ. ಗ್ಲೋಬ್‌ನಲ್ಲಾದರೆ ಈ ವ್ಯತ್ಯಾಸ ಬರೀ ಒಂದು ಮಿಲಿಮೀಟರ್.

ಅಷ್ಟಕ್ಕೇ ದೊಡ್ಡ ಜಗಳ ನಡೆದಿತ್ತು. ಭೂಮಿ ಕಿತ್ತಳೆ ಹಣ್ಣಿನಂತೆ ಧ್ರುವಗಳಲ್ಲಿ ಚಪ್ಪಟೆ ಎಂದ ನ್ಯೂಟನ್. ಇಲ್ಲ, ನಿಂಬೆಹಣ್ಣಿನಂತೆ ಉದ್ದ ಎಂದ ಫ್ರಾನ್ಸಿನ ಜಾಕ್ ಕಸ್ಸಿನಿ. 1735-36ರಲ್ಲಿ ಫ್ರೆಂಚ್ ತಂಡಗಳು ಪೆರುವಿಗೂ ಲ್ಯಾಪ್‌ಲ್ಯಾಂಡಿಗೂ ಹೋಗಿ ಅಳೆದವು. ಗೆದ್ದದ್ದು ಕಿತ್ತಳೆ!

ನಮ್ಮ ಬೆಂಗಳೂರಿಗೂ ಈ ಕಥೆಯ ನಂಟಿದೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಇಲ್ಲಿ ಏಳು ಮೈಲಿಗೂ ಹೆಚ್ಚು ನೆಲವನ್ನು ಉಕ್ಕಿನ ಸರಪಳಿ ಹಿಡಿದು ಅಳೆದ. ಅವನಿಗೆ ಬೇಕಿದ್ದದ್ದು ನಕ್ಷೆಯಷ್ಟೇ ಅಲ್ಲ, ಭೂಮಿಯ ಬಾಗು ಎಷ್ಟು ಅನ್ನೋದೂ ಕೂಡ. ಆ ಹಟ ನನಗೆ ತುಂಬಾ ಇಷ್ಟ.

ಉಳಿದ ಗ್ರಹಗಳ ಕಥೆ ಏನು? ಒಂದು ಸುತ್ತಿಗೆ 243 ದಿನ ತಗೊಳ್ಳೋ ಶುಕ್ರ ಹೆಚ್ಚುಕಮ್ಮಿ ಪಕ್ಕಾ ಗುಂಡು. ಹತ್ತು ಗಂಟೆಯೊಳಗೇ ಒಂದು ಸುತ್ತು ಮುಗಿಸೋ ಗುರುವಿಗೆ ದೊಡ್ಡ ಹೊಟ್ಟೆ. ಆದರೂ ಇದರಲ್ಲಿ ಶನಿಯೇ ನಂಬರ್ ಒನ್. ಅದರದ್ದು ಅನಿಲದ ಹಗುರ ಮೈ, ಹಿಡಿದಿಡುವ ಸೆಳೆತ ಕಡಿಮೆ. ಅಡ್ಡ ವ್ಯಾಸಕ್ಕೂ ಉದ್ದ ವ್ಯಾಸಕ್ಕೂ ಇರುವ ಅಂತರವೇ ಸುಮಾರು 11,800 ಕಿ.ಮೀ. ಅಂದರೆ ಹತ್ತಿರಹತ್ತಿರ ಒಂದು ಭೂಮಿಯಷ್ಟು!

ಇದೆಲ್ಲ ನಮಗ್ಯಾಕೆ ಅಂತೀರಾ? ಫೋನಿನ ಮ್ಯಾಪ್‌ನಲ್ಲಿರೋ ನೀಲಿ ಚುಕ್ಕಿ ಈ ಉಬ್ಬಿನ ಲೆಕ್ಕ ಹಾಕಿಕೊಂಡೇ ನಿಮ್ಮ ಜಾಗ ತೋರಿಸುತ್ತದೆ. ಭೂಮಿ ಪಕ್ಕಾ ಗುಂಡು ಅಂದುಕೊಂಡು ಉಪಗ್ರಹದ ಲೆಕ್ಕದಿಂದ ಅಕ್ಷಾಂಶ ತೆಗೆದರೆ, ಬೆಂಗಳೂರಿನಲ್ಲಿ ಚುಕ್ಕಿ ಸುಮಾರು ಒಂಬತ್ತು ಕಿ.ಮೀ. ದಕ್ಷಿಣಕ್ಕೆ ಜಾರುತ್ತದೆ. ನೀವು ಮೆಜೆಸ್ಟಿಕ್‌ನಲ್ಲಿ ಕಾಯ್ತಿದ್ದರೆ, ಕ್ಯಾಬ್ ಹೋಗಿ ಜೆ.ಪಿ. ನಗರದಲ್ಲಿ ನಿಂತಿರುತ್ತೆ.

ಗ್ಲೋಬ್ ಮೇಲಿನ ಆ ಒಂದು ಮಿಲಿಮೀಟರ್‌ಗೆ ಇಷ್ಟು ಬೆಲೆ ಇದೆ ನೋಡಿ!